ಕುದುರೆ ಸಹಿತ

ಹಿರೇಕೆರೂರಿನ ಬೀಜ-ಗೊಬ್ಬರದ ವ್ಯಾಪಾರಿ ಪರಮೇಶ್ವರಪ್ಪನವರಿಗೆ ಒಂದು ರೋಗವಿತ್ತು. ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಔಷಧವಿರಲಿಲ್ಲ. ಅದರ ಹೆಸರು ವಿಚಾರಣೆ. ಹತ್ತು ಮಂದಿಯನ್ನು ಕೇಳದೆ ಅವರು ಒಂದು ಸೂಜಿಯನ್ನೂ ಕೊಂಡವರಲ್ಲ. ಯಾರೇನು ಕೇಳಿದರೂ ಅವರ ಮೊದಲ ಉತ್ತರ, "ವಿಚಾರ ಮಾಡಿ ಹೇಳ್ತೇನಿ." ಮನೆಗೊಂದು ಮಿಕ್ಸರ್ ಬೇಕೆಂದು ಹೆಂಡತಿ ನೀಲಾಂಬಿಕಾ ಕೇಳಿದಾಗ ಹನ್ನೊಂದು ತಿಂಗಳು ವಿಚಾರ ಮಾಡಿದ್ದರು, ಅಷ್ಟರಲ್ಲಿ ಆ ಮಿಕ್ಸರ್ ಮಾಡುವ ಕಂಪನಿಯೇ ಮುಚ್ಚಿಹೋಗಿತ್ತು. (ಅದನ್ನೂ ಅವರು ತಮ್ಮ ಗೆಲುವೆಂದೇ ಎಣಿಸಿದರು. ತಗೊಂಡಿದ್ದರೆ ಏನಾಗುತ್ತಿತ್ತು ಎಂದು ಒಂದು ವಾರ ಮನೆಮಂದಿಗೆಲ್ಲ ಹೇಳಿದರು.) ನೀಲಾಂಬಿಕಾ ಅಂದಿನಿಂದ ಒರಳುಕಲ್ಲಿನ ಜೊತೆ ರಾಜಿ ಮಾಡಿಕೊಂಡಿದ್ದಳು.

ಇಂಥವರ ಕೈಗೆ ಒಂದು ಬೆಳಗ್ಗೆ ಪೇಪರಿನ ಒಳಗಿನಿಂದ ಹಳದಿ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. 'ಶಿಗ್ಗಾಂವಿಯಲ್ಲಿ ಪ್ರಪ್ರಥಮ ಬಾರಿಗೆ ಎರಡು ದಿನಗಳ ಕುದುರೆ ಸವಾರಿ ಕ್ಲಿನಿಕ್. ಕುದುರೆ ಸಹಿತ ಪ್ರವೇಶ ಶುಲ್ಕ ಎರಡು ಸಾವಿರದ ನಾನೂರು ರೂಪಾಯಿ. ಕಟ್ಟಿದ ಶುಲ್ಕ ಮರಳಿಸಲಾಗುವುದಿಲ್ಲ.' ಬೇರೆಯವರಾಗಿದ್ದರೆ ಅದರ ಮೇಲೆ ಮಂಡಕ್ಕಿ ಸುರುವಿಕೊಂಡು ತಿಂದು ಎಸೆಯುತ್ತಿದ್ದರು. ಪರಮೇಶ್ವರಪ್ಪನವರು ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಮೇಲಿನ ಕಿಸೆಯಲ್ಲಿ ಇಟ್ಟುಕೊಂಡರು. ಅದಕ್ಕೆ ಕಾರಣವಿತ್ತು. ಆ ಕಾರಣಕ್ಕೆ ಮೂವತ್ತು ವರ್ಷ ವಯಸ್ಸಾಗಿತ್ತು.

ಮೂವತ್ತು ವರ್ಷದ ಹಿಂದೆ ಪರಮೇಶ್ವರಪ್ಪನವರು ಸವಣೂರಿನ ಅಳಿಯನಾಗುವ ದಿನ, ತಲೆಗೆ ರುಮಾಲು, ಹಣೆಗೆ ಬಾಸಿಂಗ ಕಟ್ಟಿಕೊಂಡು ಬಿಳಿ ಕುದುರೆಯ ಮೇಲೆ ಮೆರವಣಿಗೆ ಹೊರಟಿದ್ದರು. ಮುಂದೆ ಬ್ಯಾಂಡು, ಹಿಂದೆ ಬೀಗರು. ಮಾವನ ಮನೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ರಸ್ತೆ ಬದಿಯ ಎಲೆ ಅಂಗಡಿಯ ಮುಂದೆ ಕುದುರೆ ಗಕ್ಕನೆ ನಿಂತುಬಿಟ್ಟಿತು. ಅದರ ಯಜಮಾನ ದಿನಾ ಅಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದ, ಅದರದೇನೂ ತಪ್ಪಿಲ್ಲ. ಕುದುರೆ ನಿಂತಿತು, ಮದುಮಗ ನಿಲ್ಲಲಿಲ್ಲ. ಬಾಸಿಂಗ ಸಮೇತ ಹೋಗಿ ಅಂಗಡಿಯ ಮುಂದೆ ಪೇರಿಸಿದ್ದ ವೀಳ್ಯದೆಲೆ ಪೆಂಡಿಗಳ ಮೇಲೆ ಬಿದ್ದರು. ಸವಣೂರಿನ ಎಲೆ ಮೆತ್ತಗಿರುತ್ತದಲ್ಲ, ಪೆಟ್ಟಾಗಲಿಲ್ಲ. ಹೆಸರು ಮಾತ್ರ ಬಿತ್ತು: ಎಲಿ ಮ್ಯಾಲೆ ಬಿದ್ದ ಅಳಿಯ.

ಅಂದಿನಿಂದ ಇಂದಿನವರೆಗೆ ಮಾವನ ಮನೆಯಲ್ಲಿ ಊಟವಾಗಿ ಎಲೆ-ಅಡಿಕೆಯ ತಟ್ಟೆ ಬಂತೆಂದರೆ ನಾದಿನಿ ಹೊಳೆವ್ವ ತಪ್ಪದೆ ಹೇಳುತ್ತಾಳೆ, "ಮಾವಾರ, ಹುಷಾರ್ರಿ, ಎಲಿ ಅದಾವು." ಮನೆಯವರೆಲ್ಲ ಅದೇ ಮೊದಲ ಸಲ ಕೇಳಿದಂತೆ ನಗುತ್ತಾರೆ. ಪರಮೇಶ್ವರಪ್ಪನವರು ಮೂವತ್ತು ದೀಪಾವಳಿ ಇದನ್ನು ನುಂಗಿದ್ದರು, ಎಲೆಯನ್ನು ಮಾತ್ರ ಒಂದು ಸಲವೂ ನೆಮ್ಮದಿಯಿಂದ ನುಂಗಿರಲಿಲ್ಲ. ಈ ದೀಪಾವಳಿಗೆ ಮಾವನ ಮನೆಯ ಮುಂದೆ ಕುದುರೆ ಹತ್ತಿ ಒಂದು ಸುತ್ತು ಹಾಕಿಬಿಟ್ಟರೆ ಮುಗಿಯಿತು. ಪ್ರಶ್ನೆ ಇಷ್ಟೇ: ಎರಡು ಸಾವಿರದ ನಾನೂರು ಕೊಟ್ಟು ಕಲಿಯುವಂಥದ್ದು ಕುದುರೆಯ ಮೇಲೆ ಏನಿದೆ?

ಮನೆಯಲ್ಲಿ ಮೊದಲು ಕೇಳಿದ್ದು ತಾಯಿ ವೀರವ್ವನನ್ನು. ಎಂಬತ್ತು ದಾಟಿದ ವೀರವ್ವನಿಗೆ ಕಿವಿಗೆ ಬಿದ್ದದ್ದು ಕ್ಲಿನಿಕ್ ಎಂಬ ಒಂದೇ ಶಬ್ದ.

"ಯಾವ ಬ್ಯಾನಿಗಪಾ?" ಎಂದು ಕೇಳಿದಳು. ಬೇನೆಯಲ್ಲ, ಕುದುರೆ ಸವಾರಿ ಎಂದರು ಮಗ. ಮುದುಕಿ, "ಡಾಕ್ಟರು ಕುದುರಿ ಮ್ಯಾಲೆ ಕುಂತು ಸೂಜಿ ಮಾಡ್ತಾನೋ, ಇಲ್ಲಾ ನೀನು ಕುಂತಿರಬೇಕೋ?" ಎಂದಳು.

ಸಂಜೆಯೊಳಗೆ ಸುದ್ದಿ ಓಣಿ ದಾಟಿತು. ಪಕ್ಕದ ಮನೆಯ ಭರಮವ್ವ ಒಂದು ಬ್ರೆಡ್ಡಿನ ಪ್ಯಾಕೆಟ್ಟು, ನಾಲ್ಕು ಬಾಳೆಹಣ್ಣು ಹಿಡಿದು ನೋಡಲು ಬಂದಳು. ಕುದುರೆಯ ಮೇಲೆ ಕೂಡಿಸಿ ಅಲುಗಾಡಿಸಿ ತೆಗೆಯುವಂಥ ಬೇನೆ ಎಂದರೆ ಮೂತ್ರದ ಹರಳೇ ಇರಬೇಕೆಂದು ಅವಳ ತರ್ಕ. ಪರಮೇಶ್ವರಪ್ಪನವರು ತಮಗೆ ಏನೂ ಆಗಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ, ಧೈರ್ಯವಾಗಿರಲು ಹೇಳಿ ಕಣ್ಣೊರೆಸಿಕೊಂಡು ಹೋದಳು. ಬಾಳೆಹಣ್ಣು ಚೆನ್ನಾಗಿದ್ದವು.

ನೀಲಾಂಬಿಕಾ ಕರಪತ್ರವನ್ನು ಎರಡು ಸಲ ಓದಿದಳು. ಓದಿ, ಒಂದೇ ಪ್ರಶ್ನೆ ಕೇಳಿದಳು.

"ಅಲ್ರಿ, ಕುದುರಿ ಯಾರ್ದು?"

"ಸಹಿತ ಅಂತ ಬರದಾರಲ್ಲ. ಊಟ ಸಹಿತ ಅಂದ್ರ ಊಟ ಅವರದು. ಕುದುರಿ ಸಹಿತ ಅಂದ್ರ ಕುದುರಿ ಅವರದು."

"ಲಗ್ನಪತ್ರದಾಗ ಕುಟುಂಬ ಸಹಿತ ಬರ್ರಿ ಅಂತ ಬರದಿರ್ತಾರ. ಹಂಗಾರ ಕುಟುಂಬ ಯಾರ್ದು? ಕರದವರ್ದೋ, ಹೋಗೋರ್ದೋ?"

ಪರಮೇಶ್ವರಪ್ಪನವರು, ಲಗ್ನದ ವ್ಯಾಕರಣವೇ ಬೇರೆ, ಕುದುರೆಯ ವ್ಯಾಕರಣವೇ ಬೇರೆ ಎಂದು ತೀರ್ಪು ಕೊಟ್ಟು, ಹೆಂಗಸರಿಗೆ ಕುದುರೆಯ ವಿಷಯ ಏನು ಗೊತ್ತು ಎಂದು ಟವೆಲ್ ಕೊಡವಿಕೊಂಡು ಎದ್ದರು. ನೀಲಾಂಬಿಕಾ ಮುಂದೆ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ಹೆದರಬೇಕೆಂಬ ಬುದ್ಧಿ ಮೂವತ್ತು ವರ್ಷದ ಸಂಸಾರದಲ್ಲೂ ಅವರಿಗೆ ಬಂದಿರಲಿಲ್ಲ.

ವಿಚಾರಣೆಯ ದಂಡಯಾತ್ರೆ ಹಾನಗಲ್ಲಿನಿಂದ ಶುರುವಾಯಿತು. ಅಲ್ಲಿ ಅವರ ಸೋದರಮಾವ ಗೋಣೆಪ್ಪ ಇದ್ದ. ಹರೆಯದಲ್ಲಿ ಹೋರಿ ಬೆದರಿಸುವ ಹಬ್ಬದಲ್ಲಿ ಓಡುವ ಹೋರಿಗೆ ಜೋತುಬಿದ್ದು ಅದರ ಕೊರಳಿಗೆ ಕಟ್ಟಿದ ಕೊಬ್ಬರಿ ಹಾರ ಹರಿದವನು; ಮುಂದಿನ ಎರಡು ಹಲ್ಲು ಅಲ್ಲೇ ಬಿಟ್ಟು ಬಂದವನು. ನಾಲ್ಕು ಕಾಲಿನ ಪ್ರಾಣಿಯ ವಿಷಯದಲ್ಲಿ ಅವನಿಗಿಂತ ಅನುಭವಿ ಯಾರು? ಗೋಣೆಪ್ಪ ಕರಪತ್ರವನ್ನು ಓದಿಸಿ ಕೇಳಿ, ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ ಹೇಳಿದ, "ಬೀಳಾಕ ರೊಕ್ಕ ಯಾಕ ಕೊಡ್ತಿಯೋ? ನಿನಗ ಪುಕ್ಕಟ ಬಿದ್ದು ರೂಢಿ ಐತಿ."

ಈ ಅಭಿಪ್ರಾಯವನ್ನು ಪಕ್ಷಪಾತದ್ದೆಂದು ಬದಿಗಿಟ್ಟು ಪರಮೇಶ್ವರಪ್ಪನವರು ಮರುವಾರ ಸವಣೂರಿಗೆ ಹೋದರು. ಮಾವನ ಮನೆಯ ಕಡೆ ಮುಖ ಹಾಕದೆ ನೇರ ರೆಹಾನನ ಲಾಯಕ್ಕೆ ಹೋದರು. ರೆಹಾನ ಮದುವೆ ಮೆರವಣಿಗೆಗೆ ಕುದುರೆ ಕೊಡುವವನು. ಅವನ ಹತ್ತಿರ ಚಾಂದನಿ ಎಂಬ ಬಿಳಿ ಹೆಣ್ಣು ಕುದುರೆ ಇತ್ತು. ಅಂದು ಎಲೆ ಅಂಗಡಿಯ ಮುಂದೆ ನಿಂತ ಕುದುರೆ ಅವನ ಅಜ್ಜನದು, ಆದ್ದರಿಂದ ಸಾಕ್ಷಿ ಹಳೆಯದು, ನಂಬುವಂಥದ್ದು. ಒಂದು ಸಂಜೆಯ ಮೆರವಣಿಗೆಗೆ ಮೂರೂವರೆ ಸಾವಿರ ಎಂದು ರೆಹಾನ ಹೇಳಿದಾಗ ಪರಮೇಶ್ವರಪ್ಪನವರ ಮುಖ ಅರಳಿತು. ಎರಡು ದಿನಕ್ಕೆ ಎರಡು ಸಾವಿರದ ನಾನೂರು! ಹಾಗಾದರೆ ಕ್ಲಿನಿಕ್ ಮದುವೆಗಿಂತ ಅಗ್ಗ.

ರೆಹಾನನ ತಾಯಿ ನುಜಹತ ಚಹಾ ತಂದುಕೊಟ್ಟು ನೀಲಾಂಬಿಕಾಳನ್ನು ಕೇಳಿದಳು. ಇಬ್ಬರೂ ಒಂದೇ ಸಾಲೆಯಲ್ಲಿ ಕಲಿತವರು. ಸಣ್ಣವಳಿದ್ದಾಗ ನೀಲಾ ಸಾಲೆ ಬಿಟ್ಟ ಕೂಡಲೇ ಈ ಲಾಯಕ್ಕೇ ಬರುತ್ತಿದ್ದಳೆಂದೂ, ಕುದುರೆಗೆ ಹುಲ್ಲು ಹಾಕುತ್ತ ಅದರ ಬೆನ್ನು ಹತ್ತಿ ಕೂತಿರುತ್ತಿದ್ದಳೆಂದೂ, ಒಂದು ದಿನ ಅವಳ ಅಪ್ಪ ನೋಡಿ ಕಿವಿ ಹಿಂಡಿ ಕರೆದುಕೊಂಡು ಹೋದಮೇಲೆ ಬರುವುದು ನಿಂತಿತೆಂದೂ ನಗುತ್ತ ಹೇಳಿದಳು. ಪರಮೇಶ್ವರಪ್ಪನವರು ಹ್ಞೂಂ ಹ್ಞೂಂ ಎಂದರು. ಅವರ ಚಿತ್ತವೆಲ್ಲ ಚಾಂದನಿಯ ಹಲ್ಲು ಎಣಿಸುವುದರಲ್ಲಿತ್ತು. ಒಂದು ಪೊಟ್ಟಣ ಸವಣೂರು ಖಾರ ಕಟ್ಟಿಸಿಕೊಂಡು ಮನೆಗೆ ಬಂದರು.

ಮುಂದಿನ ಹದಿನೈದು ದಿನ ಅವರು ಕೇಳದೆ ಉಳಿದವರಿಲ್ಲ. ಕ್ಷೌರದವನನ್ನು ಕೇಳಿದರು, ಬಸ್ಸಿನ ಕಂಡಕ್ಟರನನ್ನು ಕೇಳಿದರು, ಹತ್ತಿ ಬೀಜ ಕೊಳ್ಳಲು ಮಾಸೂರಿನಿಂದ ಬಂದ ರೈತನನ್ನು ಕೇಳಿದರು. (ಆ ರೈತ, ಕುದುರೆಗೆ ಯಾವ ಗೊಬ್ಬರ ಹಾಕುತ್ತಾರೆಂದು ತಿರುಗಿ ಕೇಳಿದ.) ಅರ್ಧ ಮಂದಿ ಹೋಗಿ ಎಂದರು, ಅರ್ಧ ಮಂದಿ ಬೇಡ ಎಂದರು. ಪರಮೇಶ್ವರಪ್ಪನವರಿಗೆ ನಿದ್ದೆ ಹತ್ತದಾಯಿತು. ಕೊನೆಗೆ ನೀಲಾಂಬಿಕಾಳೇ ಒಂದು ದಿನ ರೊಟ್ಟಿ ಬಡಿಯುತ್ತ, "ರೊಕ್ಕ ಕಟ್ಟಿಬಿಡ್ರಿ. ನಾನೂ ಬರ್ತೇನಿ. ನುಜಹತನೂ ಶಿಗ್ಗಾಂವಿಗೆ ಬರಾಕಿ ಅದಾಳ" ಎಂದಳು. ಕೇಳದೆಯೇ ಸಿಕ್ಕ ಒಪ್ಪಿಗೆಯಿಂದ ಅವರಿಗೆ ಎಷ್ಟು ಅನುಮಾನ ಬಂತೆಂದರೆ ಅದನ್ನೇ ಎರಡು ದಿನ ವಿಚಾರ ಮಾಡಿದರು. ಆದರೆ ಕಟ್ಟಿದರು.

ಕ್ಲಿನಿಕ್ಕಿನ ದಿನ ಬೆಳಗ್ಗೆ ನೀಲಾಂಬಿಕಾ ಮಗಳು ತನುಜಾಳ ಚೂಡಿದಾರ ಹಾಕಿಕೊಂಡು ಹೊರಗೆ ಬಂದಳು. ಮದುವೆಯಾದ ಮೇಲೆ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಬಸ್ಸು ಹತ್ತಿ ಇಳಿಯಲು ಅನುಕೂಲ ಇರಬೇಕೆಂದು ಪರಮೇಶ್ವರಪ್ಪನವರು ತಾವೇ ಕಾರಣ ಕಟ್ಟಿಕೊಂಡರು. ಹೊಸ ಪ್ಯಾಂಟು, ಮಗಳು ತರಿಸಿಕೊಟ್ಟ ಬೂಟು, ತಲೆಗೆ ಟೊಪ್ಪಿಗೆ: ಸೇನಾಧಿಪತಿಯ ಗತ್ತಿನಲ್ಲಿ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಶಿಗ್ಗಾಂವಿಯಲ್ಲಿ ಇಳಿದರು.

ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ ಚೀಟಿ ನೋಡಿ, ಅವರ ಬೆನ್ನ ಹಿಂದೆ ನೋಡಿ, ಮತ್ತೆ ಚೀಟಿ ನೋಡಿದ.

"ಕುದುರಿ ಎಲ್ಲೈತ್ರಿ?"

"ಒಳಗ ಇರಬೇಕಲ್ರಿ."

"ಒಳಗ ಇರೋವು ಮಂದೀವು. ನಿಮ್ಮದೆಲ್ಲಿ?"

ಪರಮೇಶ್ವರಪ್ಪನವರು ಕರಪತ್ರ ಬಿಚ್ಚಿ 'ಸಹಿತ' ಎಂಬ ಶಬ್ದದ ಮೇಲೆ ಬೆರಳಿಟ್ಟು ಊಟದ ಉದಾಹರಣೆ ಕೊಟ್ಟರು. ಗುಮಾಸ್ತ ಶಾಂತವಾಗಿ, ಊಟವನ್ನೂ ನೀವೇ ತರಬೇಕು ಎಂದ. ಕುದುರೆ ಇಟ್ಟುಕೊಂಡವರು ತಮ್ಮ ತಮ್ಮ ಕುದುರೆ ತಂದು, ಅದರ ನಡೆ, ತಮ್ಮ ಕೂರುವ ರೀತಿ ತಿದ್ದಿಸಿಕೊಂಡು ಹೋಗುವ ಶಿಬಿರ ಇದು. ದನದ ಡಾಕ್ಟರ ಹತ್ತಿರ ದನವಿಲ್ಲದೆ ಹೋಗುತ್ತೀರಾ ಎಂದು ಕೇಳಿದ. ಹಿಂದೆ ನಿಂತವರು ಕಿಸಕ್ಕೆಂದರು. ಪರಮೇಶ್ವರಪ್ಪನವರ ಕಿವಿ ಕೆಂಪಾಯಿತು. ಕುದುರೆ ಇಲ್ಲದೆಯೇ ಬಿದ್ದವರು ಆ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಅಷ್ಟರಲ್ಲಿ ಟೆಂಪೋ ಒಂದು ಬಂದು ನಿಂತಿತು. ಅದರಿಂದ ರೆಹಾನ ಇಳಿದ, ನುಜಹತ ಇಳಿದಳು, ಕೊನೆಗೆ ಹಲಗೆಯ ಮೇಲೆ ಹೆಜ್ಜೆಯಿಡುತ್ತ ಚಾಂದನಿ ಇಳಿಯಿತು. ನೀಲಾಂಬಿಕಾ ಹೋಗಿ ಅದರ ಕುತ್ತಿಗೆ ತಟ್ಟಿದಳು. ನುಜಹತಳಿಗೆ ಫೋನ್ ಮಾಡಿ ಎಲ್ಲ ಗೊತ್ತುಮಾಡಿದ್ದಳು. ಪರಮೇಶ್ವರಪ್ಪನವರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಮಾನ ಉಳಿಸಲು ಕುದುರೆಯನ್ನೇ ತರಿಸಿದ ಹೆಂಡತಿ ಯಾರಿಗಿದ್ದಾಳೆ?

ತರಬೇತಿ ಕೊಡುವವರು ಸೈನ್ಯದಲ್ಲಿ ಕುದುರೆ ಪಳಗಿಸಿ ನಿವೃತ್ತರಾದ ಒಬ್ಬ ಸುಬೇದಾರರು. ಚಾಂದನಿಯ ಜೀನು ಬಿಗಿಮಾಡಿ, ಹತ್ತಿ ಎಂದರು. ಪರಮೇಶ್ವರಪ್ಪನವರು ಹತ್ತಿರ ಹೋದರು. ಚಾಂದನಿ ತಿರುಗಿ ಅವರ ಮುಖ ನೋಡಿತು. ಅವರೊಳಗಿನ ಹಳೆಯ ರೋಗ ಎದ್ದು ಕೂತಿತು.

ಒಂದು ಮಾತು ಕೇಳುತ್ತೇನೆಂದು ಶುರುಮಾಡಿದರು. ಎಡಗಡೆಯಿಂದಲೇ ಯಾಕೆ ಹತ್ತಬೇಕು? ಹಿಂದಿನಿಂದ ಒದೆಯುತ್ತದೆಯೋ, ಮುಂದಿನಿಂದ ಕಚ್ಚುತ್ತದೆಯೋ? ಎಲೆ ಅಂಗಡಿ ಕಂಡರೆ ನಿಲ್ಲುತ್ತದೆಯೋ? ಸುಬೇದಾರರು ಮೊದಲ ಮೂರಕ್ಕೆ ಉತ್ತರ ಕೊಟ್ಟರು, ಮುಂದಿನ ಮೂರಕ್ಕೆ ಮೀಸೆ ತಿರುವಿದರು. ಎಂಟನೆಯ ಪ್ರಶ್ನೆಗೆ ಗಡಿಯಾರ ನೋಡಿ, ಹತ್ತುತ್ತೀರೋ ಇಲ್ಲವೋ ಎಂದು ಕೇಳಿದರು.

"ವಿಚಾರ ಮಾಡಿ ಹೇಳ್ತೇನ್ರಿ" ಎಂದರು ಪರಮೇಶ್ವರಪ್ಪನವರು.

ಅವರ ಕೈಗೆ ಏನೋ ಬಂತು. ನೋಡಿದರೆ ನೀಲಾಂಬಿಕಾಳ ಚಪ್ಪಲಿಗಳು. ತಲೆಯೆತ್ತಿ ನೋಡಿದರೆ ನೀಲಾಂಬಿಕಾ ಕುದುರೆಯ ಮೇಲಿದ್ದಳು. ಹತ್ತಿದ್ದು ಯಾವಾಗ, ಹತ್ತಿಸಿದ್ದು ಯಾರು, ಒಂದೂ ತಿಳಿಯಲಿಲ್ಲ. ಚೀಟಿ ನನ್ನ ಹೆಸರಿನಲ್ಲಿದೆ, ಇಳಿ ಎಂದು ಅವರು ಮೆಲ್ಲಗೆ ಹೇಳಿದರು.

"ಚೀಟಿ ನಿಮ್ಮದು, ಕುದುರಿ ನಂದು. ಸಹಿತ ಆತಲ್ಲ" ಎಂದಳು ಮೇಲಿನಿಂದ.

ಚಾಂದನಿ ಹೊರಟಿತು. ಐವತ್ತು ದಾಟಿದ ನೀಲಾಂಬಿಕಾ ಲಗಾಮು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಮೈದಾನದ ಸುತ್ತ ಹೋದಳು. ಅವಳ ಮುಖದಲ್ಲಿ ಸಾಲೆ ಬಿಟ್ಟ ಹುಡುಗಿಯ ಖುಷಿ ಇತ್ತು. ಪರಮೇಶ್ವರಪ್ಪನವರಿಗೆ ನುಜಹತ ಚಹಾ ಕೊಡುವಾಗ ಹೇಳಿದ್ದೆಲ್ಲ ಈಗ, ತಿಂಗಳು ತಡವಾಗಿ, ಕೇಳಿಸಿತು. ಚಪ್ಪಲಿ ಹಿಡಿದ ಕೈಯಿಂದಲೇ ಟೊಪ್ಪಿಗೆ ತೆಗೆದರು.

ಮೂರನೆಯ ಸುತ್ತಿಗೆ ಅವಳು ಅವರ ಮುಂದೆ ಬಂದು ಕುದುರೆ ನಿಲ್ಲಿಸಿದಳು. ಕುದುರೆ ನಿಂತಿತು, ಅವಳೂ ನಿಂತಳು.

"ಆವತ್ತ ತಪ್ಪು ಕುದುರೀದಲ್ರಿ" ಎಂದಳು, ಅವರಿಗಷ್ಟೇ ಕೇಳುವ ಹಾಗೆ. "ಫೋಟೋದಾಂವ ಇತ್ತ ನೋಡ್ರಿ ಅಂದ. ನೀವು ಲಗಾಮು ಬಿಟ್ಟು ಎರಡೂ ಕೈಲೆ ಬಾಸಿಂಗ ಸರಿಮಾಡಿಕೊಂಡ್ರಿ. ನಾ ಮಾಳಿಗಿ ಮ್ಯಾಲಿಂದ ನೋಡಾಕತ್ತಿದ್ದೆ."

"ಮೂವತ್ತು ವರ್ಷ ಯಾಕ ಹೇಳಲಿಲ್ಲ?"

"ನೀವು ಎಲ್ಲಾರ್ನೂ ಕೇಳಿದ್ರಿ. ನನ್ನ ಕೇಳಲಿಲ್ಲ."

ಇಷ್ಟು ಹೇಳಿ ನಾಲ್ಕನೆಯ ಸುತ್ತಿಗೆ ಹೊರಟುಹೋದಳು.

ದೀಪಾವಳಿಗೆ ಸವಣೂರಿಗೆ ಹೋದರು. ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು; ರೆಹಾನ ತೆಗೆದ ಫೋಟೋ ಮನೆಮಂದಿಯ ಮೊಬೈಲಿನಲ್ಲೆಲ್ಲ ಇತ್ತು. ಕುದುರೆಯ ಮೇಲೆ ನೀಲಾಂಬಿಕಾ, ಕೆಳಗೆ ಎರಡು ಚಪ್ಪಲಿ ಎದೆಗೊತ್ತಿಕೊಂಡ ಅಳಿಯ. ಊಟವಾಯಿತು. ಎಲೆ-ಅಡಿಕೆಯ ತಟ್ಟೆ ಬಂತು. ಹೊಳೆವ್ವ ಬಾಗಿಲಲ್ಲಿ ಆಚೀಚೆ ಹುಡುಕಾಡುತ್ತ ಕೇಳಿದಳು, "ಮಾವಾರ, ನನ್ನ ಚಪ್ಪಲಿ ಕಾಣವಲ್ವು. ನಿಮ್ಮ ಹಂತೇಲಿ ಏನರ ಅದಾವೇನು ನೋಡ್ರಿ."

ಮನೆ ಗೊಳ್ಳೆಂದಿತು. ಎಲೆಯ ಮಾತು ಯಾರೂ ಎತ್ತಲಿಲ್ಲ. ಮೂವತ್ತು ವರ್ಷದ ಹೆಸರು ಹೋಗಿತ್ತು, ಅದರ ಜಾಗಕ್ಕೆ ಹೊಸದು ಬಂದು ಕೂತಿತ್ತು. ಪರಮೇಶ್ವರಪ್ಪನವರು ಒಂದು ಎಲೆ ತೆಗೆದು ಸುಣ್ಣ ಹಚ್ಚಿ, ಮೊದಲ ಸಲ ನೆಮ್ಮದಿಯಿಂದ ಅಗಿದರು. ನೀಲಾಂಬಿಕಾ ಹತ್ತಿರ ಬಂದು ಕೂತಾಗ, ತಿಂಗಳಿಡೀ ಊರವರನ್ನೆಲ್ಲ ಕೇಳಿದ್ದ ಪ್ರಶ್ನೆಯನ್ನು ಕೊನೆಗೂ ಅವಳನ್ನು ಕೇಳಿದರು: ಆ ಕ್ಲಿನಿಕ್ಕಿಗೆ ಕೊಟ್ಟ ಎರಡು ಸಾವಿರದ ನಾನೂರು ದಂಡವಾಯಿತೋ, ಸಾರ್ಥಕವಾಯಿತೋ?

ನೀಲಾಂಬಿಕಾ ಅಡಿಕೆ ಕತ್ತರಿಸುತ್ತ ಗಂಡನ ಮುಖ ನೋಡಿದಳು.

"ವಿಚಾರ ಮಾಡಿ ಹೇಳ್ತೇನಿ" ಎಂದಳು.