ಯಾರಿಗೂ ಏಳದ ದೊಡ್ಡಪ್ಪ

ಚಾಮರಾಜಪೇಟೆಯ ಅಷ್ಟೂ ಅಡ್ಡರಸ್ತೆಗಳನ್ನು ಜಾಲಾಡಿದರೂ ನಮ್ಮ ದೊಡ್ಡಪ್ಪನ ಹಾಗೆ ಕೂತ ಮನುಷ್ಯ ನಿಮಗೆ ಸಿಗಲಾರ. ಸೋಮಾರಿ ಅಂದುಕೊಂಡುಬಿಡಬೇಡಿ! ಬೆಳಗಿನ ಐದಕ್ಕೆ ಎದ್ದು, ಹಾಲು ತಂದು, ಗಿಡಗಳಿಗೆ ನೀರು ಹಾಕಿ, ನಾವು ಕಣ್ಣುಜ್ಜುವ ಹೊತ್ತಿಗೆ ಎರಡು ಪತ್ರಿಕೆ ಮುಗಿಸಿರುವ ಆಸಾಮಿ. ಅವರು ಏಳದಿರುವುದು ಮನುಷ್ಯರಿಗೆ. ಬಂದವರು ಮಂತ್ರಿಯಾಗಲಿ, ಮಠದ ಸ್ವಾಮಿಗಳಾಗಲಿ, ಹೆಣ್ಣು ಕೊಟ್ಟ ಮಾವನೇ ಆಗಲಿ, ದೊಡ್ಡಪ್ಪ ಕುರ್ಚಿ ಬಿಟ್ಟು ಮೇಲೇಳುವುದಿಲ್ಲ. ಕೈ ಮುಗಿಯುತ್ತಾರೆ, ನಗುತ್ತಾರೆ, ಎದುರಿನ ಕುರ್ಚಿ ತೋರಿಸುತ್ತಾರೆ. ಅಷ್ಟೆ. ಬಸ್ಸಿನಲ್ಲಿ ಬಸುರಿಯರಿಗೆ, ಮುದುಕರಿಗೆ ಸೀಟು ಬಿಡುತ್ತಾರಲ್ಲ ಅಂತ ಕೇಳಿದರೆ, ಅದು ಜಾಗ ಕೊಡುವುದು, ಏಳುವುದಲ್ಲ ಎಂದು ವಾದಿಸುತ್ತಾರೆ.

ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರಂತೆ. ಇಡೀ ಕಚೇರಿ ದಡಬಡ ಎದ್ದು ನಿಂತಿತು. ದೊಡ್ಡಪ್ಪ ಫೈಲಿನಿಂದ ತಲೆಯೆತ್ತಿ ನಮಸ್ಕಾರ ಹೇಳಿ ಮತ್ತೆ ಬರೆಯತೊಡಗಿದರು. ಕಾಲಿಗೆ ಏನಾದರೂ ತೊಂದರೆಯೇ ಎಂದು ಅಧಿಕಾರಿ ವ್ಯಂಗ್ಯವಾಗಿ ಕೇಳಿದರೆ, ಇಲ್ಲ ಸಾರ್, ಕೂತರೆ ಅಕ್ಷರ ಚೆನ್ನಾಗಿ ಬರುತ್ತೆ ಎಂದರಂತೆ. ಮುಂದಿನ ವಾರವೇ ಹಳೇ ಕಡತಗಳ ಕೋಣೆಗೆ ವರ್ಗವಾಯಿತು. ಅಲ್ಲಿ ಬೇಕೆಂದೇ ಒಂದು ಕುರ್ಚಿಯನ್ನೂ ಇಟ್ಟಿರಲಿಲ್ಲ! ದೊಡ್ಡಪ್ಪ ಮನೆಯಿಂದ ಮಡಿಸುವ ಕುರ್ಚಿ ಹೊತ್ತು ಬಸ್ಸು ಹತ್ತಿದರು. ಕಂಡಕ್ಟರು ಅದಕ್ಕೆ ಲಗೇಜು ಟಿಕೆಟ್ಟು ಹರಿದ.

ನನ್ನ ಮದುವೆಗೂ ಈ ಕುರ್ಚಿ ಅಡ್ಡ ಬಂದದ್ದುಂಟು. ಅಪ್ಪ ತೀರಿಕೊಂಡಿದ್ದರಿಂದ ನನ್ನ ಕಡೆಯ ಹಿರಿಯರು ದೊಡ್ಡಪ್ಪನೇ. ಮೊದಲು ನೋಡಲು ಬಂದ ಹುಡುಗನ ಅಪ್ಪ ಬಾಗಿಲಲ್ಲೇ ನಿಂತು ಕಾದರು, ಇವರು ಏಳಲಿ ಅಂತ. ಇವರು ಕಾದರು, ಅವರು ಕೂರಲಿ ಅಂತ. ಒಳಗೆ ನಾನು ರೇಷ್ಮೆ ಸೀರೆಯುಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದೆ. ಕಡೆಗೆ ಅವರು ತಿಂಡಿ ಮುಟ್ಟದೆ ಹೊರಟುಹೋದರು. ಎರಡನೆಯ ಹುಡುಗ ಬಂದವನೇ ಕುರ್ಚಿ ಎಳೆದುಕೊಂಡು ದೊಡ್ಡಪ್ಪನ ಪಕ್ಕ ಕೂತು, ಉಪ್ಪಿಟ್ಟು ಇನ್ನೊಂದು ಸಲ ಹಾಕಿಸಿಕೊಂಡ. ಅವನನ್ನೇ ಮದುವೆಯಾದೆ. ಈಗ ದೊಡ್ಡಪ್ಪನ ಮನೆಯ ಮಹಡಿಯಲ್ಲೇ ಇದ್ದೇವೆ.

ಇಂಥವರು ಒಂದಕ್ಕೆ ಮಾತ್ರ ಏಳುತ್ತಾರೆ. ರಾಷ್ಟ್ರಗೀತೆಗೆ. ಎಲ್ಲಿ ಕೇಳಿದರೂ, ಹೇಗಿದ್ದರೂ! ಕ್ಷೌರದಂಗಡಿಯ ಟೀವಿಯಲ್ಲಿ ಕ್ರಿಕೆಟ್ಟಿಗೆ ಮುಂಚೆ ಅದು ಬಂದಾಗ ಅರ್ಧ ಕೆನ್ನೆಯ ನೊರೆಯೊಂದಿಗೆ ಎದ್ದು ನಿಂತಿದ್ದರು. ಕತ್ತಿ ಹಿಡಿದ ಕ್ಷೌರಿಕನೂ ಗತಿಯಿಲ್ಲದೆ ಅಟೆನ್ಶನ್ನಲ್ಲಿ ನಿಂತ. ನಮ್ಮ ಹಿತ್ತಲಿನ ಗೋಡೆಗೆ ಅಂಟಿಕೊಂಡೇ ಒಂದು ಶಾಲೆಯಿದೆ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಮೈಕಿನಲ್ಲಿ ಮಕ್ಕಳು ಹಾಡುತ್ತಾರೆ, ದಿನಾ ದೊಡ್ಡಪ್ಪ ನಿಲ್ಲುತ್ತಾರೆ. ಎಂಟು ಗಂಟೆಗೆ ತಿಂಡಿ ಎಂಬಷ್ಟೇ ಸಹಜವಾಗಿ ನಾವಿದನ್ನು ಒಪ್ಪಿಕೊಂಡಿದ್ದೆವು.

ಹೋದ ದಸರಾ ರಜೆಯಲ್ಲಿ, ಎಪ್ಪತ್ತೆಂಟರ ದೊಡ್ಡಪ್ಪ ಫುಟ್‌ಪಾತಿನ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಆರು ವಾರ ಆ ಕಾಲಿನ ಮೇಲೆ ಭಾರ ಬೀಳಲೇಬಾರದು, ಒಂದು ಸಲ ನಿಂತರೂ ಕೂರಿಸಿದ್ದೆಲ್ಲ ಜಾರುತ್ತದೆ, ಇವರ ಹೃದಯ ಇನ್ನೊಂದು ಆಪರೇಷನ್ ತಡೆಯುವುದಿಲ್ಲ ಎಂದರು. ನನಗೆ ಆ ದುಃಖದಲ್ಲೂ ನಗು ಬಂತು. ಯಾರಿಗೆ ಹೇಳುತ್ತಿದ್ದೀರಿ ಸ್ವಾಮಿ, ಏಳಬೇಡಿ ಅಂತ!

ದೊಡ್ಡಮ್ಮ ನಗಲಿಲ್ಲ. "ಸೋಮವಾರ ಸ್ಕೂಲ್ ಶುರುವಾಗತ್ತಲ್ಲೇ" ಅಂದರು.

ಒಂಬತ್ತೂವರೆಯ ಹಾಡು ನನಗೆ ಆಗ ನೆನಪಾಯಿತು.

ಭಾನುವಾರ ಮಧ್ಯಾಹ್ನ ಮಂಚದ ಪಕ್ಕ ಕೂತು ಮಾತು ತೆಗೆದೆ. ಕಾಯಿಲೆಯವರು ನಿಲ್ಲದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ, ಮನಸ್ಸಿನಲ್ಲೇ ನಿಂತರೆ ಸಾಲದೇ ಎಂದೆಲ್ಲ ಪುಸಲಾಯಿಸಿದೆ. ದೊಡ್ಡಪ್ಪ ನಾನು ಈವರೆಗೆ ಕೇಳದಿದ್ದುದನ್ನು ಹೇಳಿದರು.

ಅವರಪ್ಪ, ಎಂದರೆ ನನ್ನ ತಾತ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಬಿಳಿಯ ದೊರೆಯ ಕಚೇರಿಯಲ್ಲಿ ಜವಾನ. ಬಾಗಿಲ ಹೊರಗೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುವುದೇ ಕೆಲಸ. ದೊಡ್ಡಪ್ಪ ಹುಟ್ಟಿದ್ದು ಸ್ವಾತಂತ್ರ್ಯ ಬಂದ ಮೂರು ತಿಂಗಳಿಗೆ. ಅಷ್ಟರಲ್ಲಿ ದೊರೆ ಹಡಗು ಹತ್ತಿದ್ದ, ಅದೇ ಕುರ್ಚಿಗೆ ನಮ್ಮವರೇ ಬಂದಿದ್ದರು. ತಾತ ಮಾತ್ರ ನಿಂತೇ ಇದ್ದರು. ಸಂಜೆ ಅವರ ಊದಿದ ಕಾಲಿಗೆ ಬಿಸಿನೀರು ಹುಯ್ಯುವುದು ಮಗನ ಕೆಲಸ. ನೀವು ಸ್ವತಂತ್ರ ದೇಶದ ಮಕ್ಕಳು, ಇನ್ನು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ ಎಂದು ಶಾಲೆಯಲ್ಲಿ ಮೇಷ್ಟ್ರು ದಿನಾ ಹೇಳುತ್ತಿದ್ದರಂತೆ. ಏಳು ವರ್ಷದ ದೊಡ್ಡಪ್ಪ ಒಂದು ಸಂಜೆ ನೀರು ಹುಯ್ಯುತ್ತಾ ಕೇಳಿಯೇಬಿಟ್ಟರು, ಮತ್ತೆ ನೀನ್ಯಾಕಪ್ಪ ನಿಲ್ತೀಯ ಅಂತ.

"ಅಪ್ಪ ಏನಂದ ಗೊತ್ತಾ?" ಎಂದರು ದೊಡ್ಡಪ್ಪ. "ಸ್ವಾತಂತ್ರ್ಯ ಬಂದಿದ್ದು ನನ್ನ ಕಾಲಿಗೆ ಇನ್ನೂ ಗೊತ್ತಾಗಿಲ್ಲ ಕಣೋ, ನೀನು ಕೂತ್ಕೋ, ಯಾರು ಬಂದ್ರೂ ಏಳ್ಬೇಡ ಅಂದ."

ಆ ವರ್ಷ ಶಾಲೆಯಲ್ಲಿ ಬಾವುಟ ಹಾರಿಸಿ ರಾಷ್ಟ್ರಗೀತೆ ಹಾಡಿದ ದಿನ ತಾತ ರುಮಾಲು ಸುತ್ತಿಕೊಂಡು ಬಂದು ಗೇಟಿನ ಹೊರಗೆ ನಿಂತಿದ್ದರಂತೆ. "ಅವತ್ತು ಅವನಿಗೆ ನಿಲ್ಲು ಅಂತ ಯಾರೂ ಹೇಳಿರ್ಲಿಲ್ಲ ಮರಿ. ತಾನಾಗೇ ನಿಂತಿದ್ದ. ಅಷ್ಟು ಎತ್ತರ ಇದಾನೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಪುಸಲಾಯಿಸುವುದನ್ನು ಬಿಟ್ಟು ಬೇರೆ ಉಪಾಯ ಹುಡುಕಿದೆ.

ಸೋಮವಾರ ಒಂಬತ್ತಕ್ಕೇ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿದೆ. ಒಂಬತ್ತು ಇಪ್ಪತ್ತೆಂಟಕ್ಕೆ ಮಿಕ್ಸಿ ಶುರು ಮಾಡಿದೆ. ಇಷ್ಟು ಚಟ್ನಿ ಯಾರು ತಿನ್ನುತ್ತಾರೆ ಎಂದು ದೊಡ್ಡಪ್ಪ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಸಿ ನಿಂತಿತು. ಆ ಕಡೆ ಮೈಕೂ ಸತ್ತಿತು. ಉಳಿದುಕೊಂಡೆವು ಎಂದು ಉಸಿರು ಬಿಡುವಷ್ಟರಲ್ಲಿ ಹಾಡು ಶುರುವಾಯಿತು. ಮುನ್ನೂರು ಮಕ್ಕಳ ಗಂಟಲಿಗೆ ಕರೆಂಟು ಯಾಕೆ ಬೇಕು? ಮೈಕಿನ ಗೊರಗೊರ ಇಲ್ಲದೆ, ಇನ್ನೂ ಚೆನ್ನಾಗಿ, ಗೋಡೆ ದಾಟಿ ಬಂತು.

ಓಡಿದೆ. ದೊಡ್ಡಪ್ಪ ಹೊದಿಕೆ ಸರಿಸಿ, ಒಳ್ಳೆಯ ಕಾಲನ್ನು ನೆಲಕ್ಕೆ ಇಳಿಸಿ, ಮುರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸುತ್ತಿದ್ದರು. ಅವರ ಎರಡೂ ಭುಜಗಳನ್ನು ಅದುಮಿ ಹಿಡಿದೆ. ಎಂಥ ಬಲ ಆ ಮುದುಕರಿಗೆ! ನನ್ನ ಅಂಗೈಗಳ ಕೆಳಗೆ ಭುಜ ಮೇಲೇರುತ್ತಿತ್ತು.

"ಬಿಡು" ಅಂದರು. ಹಾಗೆ ಅವರು ನನ್ನನ್ನು ಎಂದೂ ಗದರಿರಲಿಲ್ಲ.

ಇಡೀ ಹಾಡು ಒಂದು ನಿಮಿಷವೂ ಇಲ್ಲ. ಅವತ್ತು ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ನನ್ನ ಕೈ ಸೋಲತೊಡಗಿತು.

ಅಡುಗೆಮನೆಯಿಂದ ದೊಡ್ಡಮ್ಮ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಂಚದ ಎದುರಿಗೆ ನೆಟ್ಟಗೆ ನಿಂತರು.

"ರೀ, ನೀವು ಕೂತ್ಕೊಳಿ. ನಿಮ್ಮ ಲೆಕ್ಕಕ್ಕೆ ನಾನು ನಿಂತಿದೀನಿ."

ದೊಡ್ಡಪ್ಪನ ಭುಜ ನನ್ನ ಕೈಯೊಳಗೆ ಮೆತ್ತಗಾಯಿತು. ಹಾಡು ಮುಗಿಯುವವರೆಗೆ ಅವರು ಹೆಂಡತಿಯನ್ನೇ ನೋಡಿದರು, ಆಕೆಯ ಕಾಲುಗಳನ್ನು ನೋಡಿದರು. ಪಾದಗಳು ಊದಿಕೊಂಡಿದ್ದವು. ಆಸ್ಪತ್ರೆಯ ಓಡಾಟದಿಂದ ಇರಬೇಕು ಎಂದುಕೊಂಡೆ ನಾನು.

"ಇದು ಯಾವಾಗಿಂದ?" ಎಂದು ಕೇಳಿದರು ದೊಡ್ಡಪ್ಪ.

"ಮದುವೆ ಆದಾಗಿಂದ ನಿಂತೇ ತಾನೇ ಬಡಿಸ್ತಿರೋದು" ಅಂದರು ದೊಡ್ಡಮ್ಮ, ದೂರೇನೂ ಇಲ್ಲದ ದನಿಯಲ್ಲಿ, ಮತ್ತೆ ಒಳಗೆ ಹೋಗಲು ತಿರುಗುತ್ತಾ.

ದೊಡ್ಡಪ್ಪ ಮಂಚದ ಮೇಲೆ ಕಷ್ಟಪಟ್ಟು ಒಂದು ಗೇಣು ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

ಆರು ವಾರ ದೊಡ್ಡಮ್ಮನೇ ನಿಂತರು. ಮೂಳೆ ಕೂಡಿತು. ಈಗ ಊಟದ ಹೊತ್ತಿಗೆ ಅನ್ನ, ಸಾರು, ಪಲ್ಯ ಎಲ್ಲ ಮೊದಲೇ ಮೇಜಿಗೆ ಬರಬೇಕು. ಎದುರಿನ ಕುರ್ಚಿಯಲ್ಲಿ ಹೆಂಡತಿ ಕೂರುವವರೆಗೆ ದೊಡ್ಡಪ್ಪ ತಟ್ಟೆಗೆ ಕೈ ಹಾಕುವುದಿಲ್ಲ.

"ಸಾರು ಆರ್ತಿದೆ, ತಿನ್ರೀ" ಅನ್ನುತ್ತಾರೆ ದೊಡ್ಡಮ್ಮ.

"ಆರಲಿ" ಅನ್ನುತ್ತಾರೆ ಇವರು.