ಅದಿರು ಹುರಿದ ದಿನಗಳು

ಭಟ್ಟಿಯ ಹತ್ತಿರ ಕೆಲಸ ಮಾಡುವವರಿಗೆ ಆತಂಕಕ್ಕೆ ಬರವಿಲ್ಲ. ನಮ್ಮ ಶೆಡ್ಡಿನಲ್ಲಿ ಮಾತ್ರ ಪ್ರತಿ ಆತಂಕವೂ ನಗೆಪಾಟಲಾಗಿಯೇ ಮುಗಿಯುತ್ತಿತ್ತು.

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಗಂಧಕ ತುಂಬಿದ ಅದಿರಿನ ಪುಡಿಯನ್ನು ಒಣಗಿಸಿ, ಹುರಿದು, ಗಂಧಕ ಓಡಿಸಿ, ಚಿನ್ನ ಬೆಳ್ಳಿ ಕರಗಿಸಿ ತೆಗೆಯುವವರಿಗೆ ಸಿದ್ಧಮಾಡಿ ಕೊಡುವುದು ನಮ್ಮ ಕೆಲಸ. ಅದಿರಿನ ಕಂಪನಿಯೊಂದು ಪರೀಕ್ಷೆಗೆಂದು ಒಂದು ಲೋಡ್ ಕಳಿಸಿತ್ತು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಶೆಡ್ಡಿಗೆ ಬೀಗ ಎಂದು ಓನರು ಹೇಳಿಬಿಟ್ಟಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ.

ಹುರುಳಿ

ಪುಡಿಯನ್ನು ಅಂಗಳದ ಸಿಮೆಂಟು ನೆಲದ ಮೇಲೆ ಹರಡಿ ಊಟಕ್ಕೆ ಹೋಗಿದ್ದೆವು. ವಾಪಸು ಬಂದರೆ, ಉಳಿದರ್ಧ ನೆಲದಲ್ಲಿ ಪಕ್ಕದ ಹೊಲದ ಅಕ್ಕ ಹುರುಳಿ ಒಣಹಾಕಿದ್ದರು. ನಮ್ಮ ಕಡೆ ಖಾಲಿ ಸಿಮೆಂಟು ನೆಲ ಕಂಡರೆ ಯಾರೂ ಸುಮ್ಮನೆ ಬಿಡುವುದಿಲ್ಲ. ಅಂಚಿನಲ್ಲಿ ಎರಡೂ ಬೆರೆತಿದ್ದವು.

"ಅಕ್ಕ, ಇದು ವಿಷ. ಈ ಅಂಚಿನ ಹುರುಳಿ ಮನೆಗೆ ತಗೊಂಡು ಹೋಗ್ಬೇಡಿ" ಎಂದೆ.

"ವಿಷ ಅಂತ ಗೊತ್ತಿದ್ದೂ ಹುರುಳಿ ಒಣಗಾಕೋ ಜಾಗದಲ್ಲಿ ಯಾಕಪ್ಪ ಹಾಕಿದ್ರಿ?" ಎಂದು ಅವರೇ ನನ್ನನ್ನು ತರಾಟೆಗೆ ತೆಗೆದುಕೊಂಡರು.

ಈಶಾನ್ಯ

ಪರೀಕ್ಷೆಗೆ ಮಾದರಿ ತೆಗೆಯಲು ಹುರಿದ ಪುಡಿಯನ್ನು ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು ಮಿಕ್ಕ ಎರಡನ್ನು ಮತ್ತೆ ಬೆರೆಸಬೇಕು. ಒಂದು ಹಿಡಿಯಾಗುವವರೆಗೆ ಇದೇ ಕೆಲಸ. ಬಿಡುವ ಪಾಲು ಮಾತ್ರ ಪ್ರತಿ ಸಲ ಬದಲಾಗಬೇಕು. ನಮ್ಮ ಮೇಸ್ತ್ರಿ ಒಂದು ಮೂಲೆಯ ಪಾಲನ್ನು ಒಮ್ಮೆಯೂ ಬಿಡಲಿಲ್ಲ. ಕೇಳಿದರೆ, "ಅದು ಈಶಾನ್ಯ ಸಾರ್. ಅದನ್ನ ಹೊರಗೆ ಹಾಕಿದ್ರೆ ಓನರು ಉದ್ಧಾರ ಆಗಲ್ಲ" ಎಂದ.

ಪರೀಕ್ಷೆ ನೋಡಲು ಅದಿರಿನ ಕಂಪನಿಯ ಆಫೀಸರು ಬರುವ ಹೊತ್ತಾಗಿತ್ತು. ರೇಗಿ, ಮೊದಲಿಂದ ಮಾಡಿಸಿದೆ. ಈಶಾನ್ಯವನ್ನೂ ಬಿಟ್ಟ. ಆದರೆ ಬಿಡುವಾಗಲೆಲ್ಲ ಕೈಮುಗಿದು, "ತಪ್ಪು ಸಾರ್‌ದು ತಾಯಿ, ನಂದಲ್ಲ" ಎಂದು ಹೇಳಿಯೇ ಬಿಟ್ಟ.

ಮೂಸೆ

ಆಫೀಸರು ಬಂದರು. ಓನರ ತಾಯಿ ಭಟ್ಟಿಗೆ ಪೂಜೆ ಮಾಡಿ ಕಾಯಿ ಒಡೆದರು. ನಾನು ಪುಡಿಯನ್ನು ಮೂಸೆಯೆಂಬ ಮಣ್ಣಿನ ಬಟ್ಟಲಿನಲ್ಲಿ ಸೀಸ, ಬಿಳಿಗಾರದ ಜೊತೆ ಕರಗಿಸಿ, ಆಮೇಲೆ ಸೀಸವನ್ನು ಸುಟ್ಟು ಕಳೆದೆ. ಕೊನೆಗೆ ಕಂಡೂ ಕಾಣದಷ್ಟು ಚಿನ್ನ ಉಳಿಯಬೇಕು. ಅಂದು ಉಳಿದದ್ದು ಮೆಣಸಿನ ಕಾಳಿನಷ್ಟು.

ಓನರು ಹಿಗ್ಗಿಹೋದರು. ಆಫೀಸರ ಮುಖ ಬಿಗಿಯಿತು. "ಇಷ್ಟು ಚಿನ್ನ ಇರೋ ಅದಿರನ್ನ ಹೊರಗೆ ಯಾರು ಕೊಡ್ತಾರೆ? ನಾವೇ ಭಟ್ಟಿ ಹಾಕ್ಕೊತೀವಿ" ಎಂದು ಲೋಡ್ ವಾಪಸು ತರಿಸಲು ಮೊಬೈಲ್ ತೆಗೆದರು. ಓನರು ಗೋಡೆ ಹಿಡಿದುಕೊಂಡರು.

ಆಗ ಓನರ ತಾಯಿ ಸಮಾಧಾನವಾಗಿ, "ಸದ್ಯ, ಕರಗಿ ಬಂತಲ್ಲ. ಹೊಸ್ತಿಲು ಕೂರಿಸುವಾಗ ಚಿನ್ನ ಹಾಕಲ್ವಾ? ಹಂಗೇ ಶುಭಕ್ಕೆ ಅಂತ ಮುರಿದ ಮೂಗುಬಟ್ಟು ಆ ಮೂಸೆಗೆ ಹಾಕಿದ್ದೆ" ಎಂದರು.

ಆಫೀಸರು ಮೂಸೆಯ ಪಕ್ಕದಿಂದ ಕದಲದೆ ಇನ್ನೊಮ್ಮೆ ಮಾಡಿಸಿದರು. ಈ ಸಲ ಸೂಜಿಮೊನೆಯಷ್ಟು ಉಳಿಯಿತು. ಅವರ ಪರೀಕ್ಷೆಗೂ ನಮ್ಮದಕ್ಕೂ ತಾಳೆಯಾಯಿತು, ಕೆಲಸ ನಮಗೇ ಸಿಕ್ಕಿತು. ಚಿನ್ನ ಕಮ್ಮಿ ಬಂದ ಖುಷಿಗೆ ಓನರು ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಿದರು.

ಅವರ ತಾಯಿ ಮಾತ್ರ ಭೂತಗನ್ನಡಿ ಹಿಡಿದು ಆ ಚುಕ್ಕೆಯನ್ನು ಬಹಳ ಹೊತ್ತು ಹುಡುಕಿ, ಕಂಡ ಮೇಲೆ ಮರುಕದಿಂದ ನನ್ನ ಕಡೆ ನೋಡಿದರು.

"ಇದಕ್ಕಾ ಇಷ್ಟು ಜನ ಹೊಗೆ ಕುಡೀತಿರೋದು? ನನ್ನ ಕೇಳಿದ್ರೆ ಇನ್ನೊಂದು ಮೂಗುಬಟ್ಟು ಕೊಡ್ತಿದ್ದೆನಲ್ಲಪ್ಪ."