ಟೋಪಿ ಹಿಡಿದು ಓಡಿದ ಹುಡುಗ

ಸಿನಿಮಾದ ಹೊಸ ಪ್ರತಿ ಬಂದಿದೆ, ಒಂದೊಂದು ಮುಖವೂ ನಿಚ್ಚಳವಾಗಿ ಕಾಣುತ್ತದಂತೆ ಎಂಬ ಸುದ್ದಿ ಕೇಳಿ ಸಿರಿಲ್ ಆಗ್ಡನ್ ಬೆಳಗಿನ ಚಹಾವನ್ನು ಅರ್ಧಕ್ಕೇ ಬಿಟ್ಟೆದ್ದ.

ಇಂಗ್ಲೆಂಡಿನ ಲ್ಯಾಂಕಾಶೈರಿನ ಅವನ ಪೇಟೆಯಲ್ಲೇ ಅರವತ್ತೈದು ವರ್ಷಗಳ ಹಿಂದೆ ತೆಗೆದ ನಗೆಚಿತ್ರ. ಪಾದ್ರಿ ಚರ್ಚಿನ ಗಂಟೆಯನ್ನು ಮಗುವಿನ ತಳ್ಳುಗಾಡಿಯಲ್ಲಿ ಅಡಗಿಸಿ ಓಡುತ್ತಾನೆ. ಅವನ ಟೋಪಿ ಹಿಡಿದು ಪುಟ್ಟ ಹುಡುಗನೊಬ್ಬ ಹಿಂದೆ ಓಡುತ್ತಾನೆ. ಪ್ರತಿ ಮೇ ತಿಂಗಳಲ್ಲೂ ಸಭಾಭವನದಲ್ಲಿ ಅದೇ ಸಿನಿಮಾ. ಪಾದ್ರಿ ಬಾಯಿ ತೆರೆಯುವ ಮೊದಲೇ ಊರು ಅವನ ಮಾತು ಹೇಳಿ ಮುಗಿಸಿ ನಕ್ಕಿರುತ್ತದೆ. ಅಜ್ಜಂದಿರು ನಕ್ಕ ಜಾಗದಲ್ಲೇ ಮೊಮ್ಮಕ್ಕಳೂ ನಗುತ್ತಾರೆ.

ಆ ಹುಡುಗ ನಾನೇ ಎಂದು ಸಿರಿಲ್ ಹರೆಯದಲ್ಲೊಮ್ಮೆ ಬಡಾಯಿ ಕೊಚ್ಚಿದ್ದ. ಹಳೆಯ ಪ್ರತಿಯಲ್ಲಿ ಮುಖಗಳೆಲ್ಲ ಮಸಿ ಮೆತ್ತಿದಂತಿದ್ದವು, ಊರು ನಂಬಿತು. ಅಂದಿನಿಂದ ಮೊದಲ ಸಾಲಿನ ಮೆತ್ತೆಯ ಕುರ್ಚಿ ಅವನದು, ಕೇಕು ಕತ್ತರಿಸುವ ಚೂರಿ ಅವನದು. ಹೆಂಡತಿ ತೀರಿಕೊಂಡ ಮೇಲೆ ಊರು ಅವನನ್ನು ನೆನೆಯುತ್ತಿದ್ದುದೇ ಅದೊಂದು ದಿನ. ಆದರೆ ಚಿತ್ರ ತೆಗೆದ ವಾರ ತಾಯಿ ಅವನನ್ನು ಸಮುದ್ರ ತೀರದ ಚಿಕ್ಕಮ್ಮನ ಮನೆಗೆ ಕರೆದೊಯ್ದಿದ್ದಳು. ಆಗ ಅವನಿಗೆ ನಾಲ್ಕೇ ವರ್ಷ, ಏನೂ ನೆನಪಿಲ್ಲ; ಸಿನಿಮಾ ಎಂದರೆ ಸೈತಾನನ ಆಟ ಎನ್ನುತ್ತಿದ್ದ ಆಕೆಯೇ ಆ ವಾರ ನಾವು ಊರಲ್ಲಿರಲಿಲ್ಲ ಎಂದು ಸಾವಿರ ಸಲ ಹೇಳಿದ್ದಳು.

"ನೆಗಡಿ. ನಾನು ಬರಲ್ಲ," ಎಂದ ಸಿರಿಲ್, ಚಿಕ್ಕಂದಿನಲ್ಲಿ ಹೆಬ್ಬಾತು ಕಚ್ಚಿ ತುದಿ ತುಂಡಾಗಿದ್ದ ಎಡಗಿವಿಯನ್ನು ಉಜ್ಜಿಕೊಳ್ಳುತ್ತ.

"ನೀವಿಲ್ದೆ ಸಿನಿಮಾನೇ?" ಎಂದಳು ಪಕ್ಕದ ಮನೆಯ ಮಾವಿಸ್, ಸಮಿತಿಯ ಕಾರ್ಯದರ್ಶಿ. ಸೂಪು ತಂದಳು, ಕೊರಳಿಗೆ ಶಾಲು ಸುತ್ತಿದಳು. ಔಷಧಿ ಅಂಗಡಿಯ ನಾರ್ಮನ್ ಗಾಲಿಕುರ್ಚಿಯನ್ನೇ ತಂದ.

"ನೆಗಡಿಗೂ ಕಾಲಿಗೂ ಏನಯ್ಯಾ ಸಂಬಂಧ?"

"ಸಂಕೋಚ ಬೇಡ, ಕೂತ್ಕೊಳ್ಳಿ," ಎಂದ ನಾರ್ಮನ್.

ಚರ್ಚಿನ ಇಳಿಜಾರಿನಲ್ಲಿ ನಾರ್ಮನ್ ಸೀನಿದ. ಕೈ ಜಾರಿತು, ಕುರ್ಚಿ ಹೊರಟಿತು. ಸಭಾಭವನದ ಮುಂದೆ ಸಾಲುಗಟ್ಟಿ ನಿಂತಿದ್ದ ಜನ ಇದೂ ಕಾರ್ಯಕ್ರಮವೆಂದು ಪಾದ್ರಿಯ ಮಾತುಗಳನ್ನು ಒಕ್ಕೊರಲಿನಿಂದ ಹೇಳಿದರು. ಸಿರಿಲ್ "ಹಿಡೀರಿ, ಹಿಡೀರಿ" ಎಂದರೆ ಚಪ್ಪಾಳೆ ತಟ್ಟಿದರು. ಕೊನೆಗೆ ಅವನನ್ನು ಹಿಡಿದದ್ದು ಗುಲಾಬಿ ಪೊದೆ.

ಮೈತುಂಬ ಮುಳ್ಳು ಹೊತ್ತು ಒಳಬಂದವನಿಗೆ ಸಾಕುಸಾಕಾಗಿತ್ತು. ವೇದಿಕೆ ಹತ್ತಿದ. "ಕ್ಷಮಿಸಿ. ಆ ಹುಡುಗ ನಾನಲ್ಲ. ಸುಳ್ಳು ಹೇಳಿದ್ದೆ."

ಯಾರೂ ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಬೈದಿದ್ದರೆ ವಾಸಿಯಿತ್ತು. ಮಾವಿಸ್ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಳು, ಮತಕ್ಕೆ ಕೈಗಳು ಮೇಲೆದ್ದವು, ಮೆತ್ತೆಯ ಕುರ್ಚಿಯೂ ಕೇಕಿನ ಚೂರಿಯೂ ನಾರ್ಮನ್‌ಗೆ ಸಂದವು. ಸಿರಿಲ್ ನಡು ಸಾಲಿನಲ್ಲಿ ಕುಗ್ಗಿ ಕುಳಿತ.

ಸಿನಿಮಾ ಶುರುವಾಯಿತು. ತಳ್ಳುಗಾಡಿ ಬಂತು, ಹುಡುಗ ಬಂದ. ಕನ್ನಡಿಯಷ್ಟು ಸ್ವಚ್ಛವಾದ ಚಿತ್ರದಲ್ಲಿ ಅವನು ಮುಖ ತಿರುಗಿಸಿದ. ಎಡಗಿವಿಯ ತುದಿ ಇರಲಿಲ್ಲ. ಹಿಂದೆ ಜನರ ನಡುವೆ ಹೆಂಗಸೊಬ್ಬಳು ಲಂಗ ಎತ್ತಿ ಹಿಡಿದು, ಬಾಯ್ತುಂಬ ನಗುತ್ತ ಕುಣಿಯುತ್ತಿದ್ದಳು.

"ಅಮ್ಮ?" ಎಂದ ಸಿರಿಲ್. ಹಾಗಾದರೆ ಚಿಕ್ಕಮ್ಮನ ಮನೆಗೆ ಹೋದವರು ಯಾರು? ತಾನು ಹೇಳಿದ ಸುಳ್ಳು ಯಾವುದು, ನಿಜ ಯಾವುದು? ಎದ್ದು ನಿಂತ. "ಮಾವಿಸ್, ಅದು ನಾನೇ ಕಣ್ರೀ. ಕಿವಿ ನೋಡಿ."

ಮಾವಿಸ್ ಪರದೆ ನೋಡಿದಳು, ಅವನ ಕಿವಿ ನೋಡಿದಳು. "ಹೌದಲ್ಲ, ಪಾಪ. ಆದ್ರೆ ನಡಾವಳೀಲಿ ಬರೆದಾಗಿದೆ. ಮುಂದಿನ ವರ್ಷದ ಸಭೆಗೆ ಅರ್ಜಿ ಹಾಕಿ, ನೋಡೋಣ. ಈಗ ಕೂತ್ಕೊಳ್ಳಿ ಸಿರಿಲ್, ಹಿಂದಿನವ್ರಿಗೆ ಹುಡುಗ ಕಾಣ್ತಿಲ್ಲ."